ಎಡಗಿವಿಗೆ ಮಾತ್ರ ಕೇಳಿದ ಗಾಳಿ

ದೀಪ ಆರಿಸುವುದೇನೂ ಬೇಡ. ಫ್ಯಾನು ಆರಿಸಿದರೆ ಸಾಕು. ಇದು ಕಣ್ಣಿಗೆ ಕಾಣುವ ದೆವ್ವದ ಕತೆಯಲ್ಲ. ತಿರುಗಿದ ಪಾದ, ಬಿಚ್ಚಿದ ಕೂದಲು ಇವೆಲ್ಲ ಇದರಲ್ಲಿ ಬರುವುದಿಲ್ಲ. ಅಂಥದ್ದೇ ಬೇಕು ಎನ್ನುವವರು ಈಗಲೇ ಎದ್ದು ಹೋಗಿ ಮಲಗಬಹುದು, ಒಳ್ಳೆಯ ನಿದ್ದೆ ಬರುತ್ತದೆ.

ಇದು ನಡೆದದ್ದು ನನ್ನ ದೊಡ್ಡಮ್ಮನ ಮಗನಿಗೆ. ಸ್ವಂತ ದೊಡ್ಡಮ್ಮ. ಯಾರೋ ಯಾರಿಗೋ ಹೇಳಿ, ಅವರು ನನಗೆ ಹೇಳಿದ್ದಲ್ಲ.

ಆ ರಾತ್ರಿ ಅಣ್ಣ, ಅತ್ತಿಗೆ ಇಬ್ಬರೂ ಊರ ಹೊರಗಿನ ಹಳೇ ಬಾವಿಯ ಕಡೆಯಿಂದ ಮನೆಗೆ ನಡೆದು ಬರುತ್ತಿದ್ದರು. ಅವರ ಬೆನ್ನ ಹಿಂದೆ, ಬಾವಿಕಟ್ಟೆಯ ಪಕ್ಕ, ಒಂದು ಕಾರು ನಿಂತಿತ್ತು. ಕಾರಿಗೆ ಏನೂ ಆಗಿರಲಿಲ್ಲ. ಪೆಟ್ರೋಲ್ ಇತ್ತು. ಚಕ್ರಗಳಲ್ಲಿ ಗಾಳಿ ಇತ್ತು. ಕೀ ಕೂಡ ಅದರಲ್ಲೇ ಇತ್ತು. ಅಣ್ಣ ಕಾರು ರಿಪೇರಿ ಮಾಡುವವನು. ಕಾರು ರಿಪೇರಿ ಮಾಡುವವನು ಚೆನ್ನಾಗಿರುವ ಕಾರನ್ನು ಬಿಟ್ಟು ನಡೆದು ಹೋಗುತ್ತಿದ್ದಾನೆ ಅಂದರೆ... ನಾನಾಗಿದ್ದರೆ ಅಷ್ಟಕ್ಕೇ ಹೆದರಿಕೊಂಡುಬಿಡುತ್ತಿದ್ದೆ.

ರಸ್ತೆಯಲ್ಲಿ ಇನ್ಯಾರೂ ಇಲ್ಲ. ಅತ್ತಿಗೆಯ ಚಪ್ಪಲಿ ಚಟ್... ಚಟ್... ಅಣ್ಣನ ಬೂಟಿನ ಕೆಳಗೆ ಜಲ್ಲಿಕಲ್ಲು ಗರಕ್... ಗರಕ್... ಅತ್ತಿಗೆ ಅವನ ಎಡಗೈ ಹಿಡಿದುಕೊಂಡಿದ್ದರು. ಸ್ವಲ್ಪ ದೂರ ಬಂದ ಮೇಲೆ ಅಣ್ಣ ನಿಂತ.

“ಈ ಕಡೆ ಬಾ,” ಅಂದ. ಪಿಸುಮಾತಿನಲ್ಲಿ.

“ಯಾಕ್ರೀ?”

“ಬಲಗಡೆ ಬಾ. ಆ ಕಡೆ ಜಾಗ ಬಿಡು.”

ಅತ್ತಿಗೆ ಎಡಕ್ಕೆ ನೋಡಿದರು. ರಸ್ತೆಯ ಅಂಚಿತ್ತು. ಅಂಚಿನಾಚೆ ಕತ್ತಲೆ ಇತ್ತು. ಅವರು ಸುಮ್ಮನೆ ಬಲಗಡೆಗೆ ಬಂದರು. ಮದುವೆಯಾದಾಗಿನಿಂದ ಗಂಡ ಹೇಳಿದ ಮಾತನ್ನು ಎದುರಾಡದೆ ಕೇಳಿದ್ದು ಅದೇ ಮೊದಲ ಸಲ ಅಂತ ಅತ್ತಿಗೆಯೇ ನನಗೆ ಹೇಳಿದ್ದಾರೆ.

ಹಾಗೆ ಯಾಕಾಯಿತು ಎಂದು ತಿಳಿಯಬೇಕಾದರೆ ಮೊದಲು ಅಣ್ಣನ ಕಿವಿಯ ವಿಷಯ ಹೇಳಬೇಕು.

ವರ್ಕ್‌ಶಾಪಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಕಿವಿ’ ಅಂತಲೇ ಕರೆಯುತ್ತಿದ್ದರು. ಉಳಿದವರು ಕಣ್ಣಿಗೆ ಕಾಣುವುದನ್ನು ರಿಪೇರಿ ಮಾಡಿದರೆ ಅಣ್ಣ ಕಿವಿಗೆ ಕೇಳುವುದನ್ನು ರಿಪೇರಿ ಮಾಡುತ್ತಿದ್ದ. ಕಾರಿನಲ್ಲಿ ಎಲ್ಲೋ ಕಟಕಟ, ಎಲ್ಲೋ ಕಿರಕಿರ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ ಅಂದರೆ ಅವನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದು. ಅದರಲ್ಲೂ ಗಾಳಿಯ ಸದ್ದು ಬಲು ಕಷ್ಟದ್ದು. ನಿಂತ ಕಾರಿನಲ್ಲಿ ಅದು ಇರುವುದೇ ಇಲ್ಲ. ಆಸ್ಪತ್ರೆ ಬಾಗಿಲು ಕಂಡ ಕೂಡಲೇ ವಾಸಿಯಾಗುವ ರೋಗದ ಹಾಗೆ. ಗಾಳಿಯಲ್ಲೂ ಸನ್‌ರೂಫಿನ ಗಾಳಿ, ಅಂದರೆ ಕಾರಿನ ತಲೆಯ ಮೇಲಿನ ಗಾಜಿನ ಕಿಂಡಿಯಿಂದ ಬರುವುದು, ಇನ್ನೂ ಕಿಲಾಡಿ. ನುಗ್ಗುವುದು ಒಂದು ಕಡೆ, ಕೂಗುವುದು ಇನ್ನೊಂದು ಕಡೆ.

ಅಣ್ಣನ ಕ್ರಮ ಹೀಗೆ. ಗಾಜಿನ ಸುತ್ತ ಅಂಚಿಗೆಲ್ಲ ಮೊದಲು ಟೇಪು ಅಂಟಿಸಿ ಕಾರು ಓಡಿಸುವುದು. ಸದ್ದು ನಿಂತರೆ ಕಳ್ಳ ಅಲ್ಲೇ ಇದ್ದಾನೆ ಅಂತ. ಆಮೇಲೆ ಒಂದೊಂದೇ ಕಡೆ ಟೇಪು ಕೀಳುತ್ತಾ ಬರುವುದು. ಯಾವ ಮೂಲೆಯ ಟೇಪು ಕಿತ್ತಾಗ ಸದ್ದು ವಾಪಸು ಬರುತ್ತದೋ ಆ ಮೂಲೆಯದೇ ದೋಷ. ಅಷ್ಟು ಹೊತ್ತೂ ಅಣ್ಣ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಒಂದು ಸಲ ಎಡಗಿವಿಗೆ ಬೆರಳಿಟ್ಟು, ಒಂದು ಸಲ ಬಲಗಿವಿಗೆ ಬೆರಳಿಟ್ಟು ತೂಗಿ ನೋಡುತ್ತಿದ್ದ. ಕೊನೆಗೆ ಕಣ್ಣು ಮುಚ್ಚಿಕೊಂಡೇ ಬೊಟ್ಟು ಮಾಡಿ ತೋರಿಸುತ್ತಿದ್ದ. ಗಿರಾಕಿಗಳು ಕಾರಿಗಿಂತ ಹೆಚ್ಚಾಗಿ ಇದನ್ನು ನೋಡಲಿಕ್ಕೆ ಬರುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಜ್ವರ ಹೋಗುವಾಗ ಎಡಗಿವಿಯನ್ನು ಜೊತೆಗೆ ಕರೆದುಕೊಂಡು ಹೋಯಿತು.

ಅಣ್ಣ ಯಾರಿಗೂ ಹೇಳಲಿಲ್ಲ. ಗುರುತಿನವರು ಸಿಗದಂಥ ದೂರದ ಬೀದಿಯಲ್ಲಿದ್ದ ಒಬ್ಬ ಕಿವಿ ಡಾಕ್ಟರ ಹತ್ತಿರ ಕದ್ದು ಹೋಗಿ ಬಂದ. ಅವರು ನರ ಒಣಗಿದೆ, ಇನ್ನು ಕಾಯಬೇಡಿ ಅಂದರು. ಅಣ್ಣ ಕಾಯತೊಡಗಿದ. ಹಾಡುವವನ ಗಂಟಲು ಹೋದರೆ ಜನ ಅಯ್ಯೋ ಅನ್ನುತ್ತಾರೆ. ಕಿವಿ ಅನ್ನುವ ಹೆಸರಿನವನ ಕಿವಿ ಹೋದರೆ ನಗುತ್ತಾರೆ. ಅದು ಅವನಿಗೆ ಗೊತ್ತಿತ್ತು.

ಒಂದು ಕಿವಿ ಹೋದವನಿಗೆ ಸದ್ದೇನೋ ಕೇಳುತ್ತದೆ. ಎಲ್ಲಿಂದ ಬಂತು ಅನ್ನುವುದು ತಿಳಿಯುವುದಿಲ್ಲ. ಹಿಂದಿನಿಂದ ಕರೆದರೆ ಮುಂದೆ ನೋಡುತ್ತಾನೆ. ಅಣ್ಣ ಟೇಪನ್ನೇ ನಂಬಿಕೊಂಡು, ಮೊದಲಿಗಿಂತ ನಿಧಾನವಾಗಿ, ಹೇಗೋ ಕೆಲಸ ನಡೆಸಿಕೊಂಡು ಹೋದ. ಆದರೆ ಬೆರಳಿನ ನಾಟಕ ಬಿಡಲಿಲ್ಲ. ಬಿಟ್ಟರೆ ಗುಟ್ಟು ರಟ್ಟಾಗುತ್ತಿತ್ತು. ಬಲಗಿವಿಗೆ ಬೆರಳಿಟ್ಟಾಗ ಲೋಕವೆಲ್ಲ ನೀರಿನಲ್ಲಿ ಮುಳುಗಿದ ಹಾಗೆ ಸ್ತಬ್ಧವಾಗುತ್ತಿತ್ತು. ಅವನು ಸುಮ್ಮನೆ ತಲೆದೂಗುತ್ತಿದ್ದ.

ನಿಧಾನವಾಗಿದ್ದು ವರ್ಕ್‌ಶಾಪಿನ ಯಜಮಾನರ ಕಣ್ಣಿಗೆ ಬಿತ್ತು. ಆ ಹೊತ್ತಿಗೆ ಸರಿಯಾಗಿ ಒಬ್ಬ ಮಾರಾಟಗಾರ ಒಂದು ಪೆಟ್ಟಿಗೆ ತೋರಿಸಿ ಹೋಗಿದ್ದ. ಅದರ ಮೈಕುಗಳನ್ನು ಕಾರಿನೊಳಗೆ ಅಂಟಿಸಿದರೆ ಸದ್ದು ಎಲ್ಲಿದೆ ಅನ್ನುವುದು ಪರದೆಯ ಮೇಲೆ ಕೆಂಪಗೆ ಕಾಣುತ್ತದಂತೆ. ಅದಕ್ಕೆ ಟೀ ಬೇಡ, ರಜೆ ಬೇಡ ಅಂತ ಯಜಮಾನರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಪೆಟ್ಟಿಗೆ ಬಂದರೆ ಅಣ್ಣ ಕಾರು ತೊಳೆಯುವ ಕಡೆಗೆ ಹೋಗಬೇಕು. ಇದೊಂದು ಗಾಡಿ ನೋಡೋಣ, ಕಿವಿಯ ಕೈಲಾಗದಿದ್ದರೆ ಪೆಟ್ಟಿಗೆ ತರಿಸೋಣ ಅಂತ ತೀರ್ಮಾನವಾಯಿತು.

ಆ ಗಾಡಿ ಒಬ್ಬ ಹಲ್ಲಿನ ಡಾಕ್ಟರಮ್ಮನದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಬೇರೆ ವರ್ಕ್‌ಶಾಪುಗಳವರು ನೋಡಿ ಕೈಚೆಲ್ಲಿದ್ದರು. ಸ್ಪೀಡು ಏರಿದರೆ ಸಾಕು, ತಲೆಯ ಮೇಲೆ ಯಾರೋ ಸಿಳ್ಳೆ ಹಾಕಿದ ಹಾಗಿರುತ್ತದೆ, ದಿನವಿಡೀ ಹಲ್ಲು ಕೊರೆಯುವ ಸದ್ದು ಕೇಳುವ ನನಗೇ ತಡೆಯಲಿಕ್ಕಾಗುತ್ತಿಲ್ಲ ಅಂತ ಡಾಕ್ಟರಮ್ಮ ಹೇಳಿಕೊಂಡರು.

ವರ್ಕ್‌ಶಾಪಿನವರೆಲ್ಲ ಗಾಡಿ ಓಡಿಸಿ ನೋಡುವುದು ಊರ ಹೊರಗಿನ ಒಂದು ನೇರ ರಸ್ತೆಯಲ್ಲಿ. ಅದರ ಕೊನೆಗೆ ಆ ಬಾವಿ. ಬಾವಿಯ ಹತ್ತಿರ ತಿರುಗಿಸಿಕೊಂಡು ಬರುವುದು ವಾಡಿಕೆ. ಡಾಕ್ಟರಮ್ಮ ಓಡಿಸಿದರು. ಅಣ್ಣ ಹಿಂದೆ ಕೂತ. ಸ್ಪೀಡು ಏರಿತು. ಸ್ಸ್ಸ್ಸ್ಯ್... ಸೂಜಿಯ ಹಾಗೆ ತೆಳ್ಳಗಿನ ಸಿಳ್ಳೆ. ಬಲಗಿವಿಗೆ ಚೆನ್ನಾಗಿ ಕೇಳಿತು. ಎಡಗಿವಿಗೆ ಬೆರಳಿಟ್ಟ. ಸಿಳ್ಳೆ ಹಾಗೇ ಇತ್ತು, ಇರಲೇಬೇಕಲ್ಲ. ಆಮೇಲೆ, ನಾಟಕದ ಎರಡನೇ ಅಂಕ, ಬಲಗಿವಿಗೆ ಬೆರಳಿಟ್ಟ. ಸಿಳ್ಳೆ ನಿಂತಿತು. ಇಂಜಿನ್ ನಿಂತಿತು. ಲೋಕ ನಿಂತಿತು...

ಸುಂಯ್...

ಸುಂಯ್...

ಅಣ್ಣ ಬೆರಳು ತೆಗೆದ. ಮತ್ತೆ ಇಟ್ಟ. ಸಿಳ್ಳೆಯಲ್ಲ ಅದು. ಮೆತ್ತಗಿತ್ತು. ಬಿಟ್ಟು ಬಿಟ್ಟು ಬರುತ್ತಿತ್ತು. ಸತ್ತ ಕಿವಿಯಲ್ಲಿ ಕೇಳುತ್ತಿತ್ತು.

ಅವನ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಕನ್ನಡಿಯಲ್ಲಿ ನೋಡಿ, “ಅಷ್ಟೊಂದು ಕೆಟ್ಟದಾಗಿದೆಯಾ?” ಅಂದರು.

ಸಿಳ್ಳೆಯ ಕತೆ ಬೇಗ ಮುಗಿಯಿತು. ಮುಂದಿನ ಬಲಮೂಲೆಯ ಟೇಪು ಕಿತ್ತಾಗ ಅದು ವಾಪಸು ಬಂತು. ಗಾಜು ಮುಚ್ಚುವಾಗ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿದ. ಉಳಿದ ಕಡೆ ಕಾಗದ ಹರಿಯಿತು, ಅಲ್ಲಿ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಈಚೆ ಬಂತು. ಅಂದರೆ ರಬ್ಬರು ಗಟ್ಟಿಯಾಗಿ ಹೋಗಿದೆ, ಗಾಜನ್ನು ಒತ್ತಿ ಹಿಡಿಯುತ್ತಿಲ್ಲ. ಹೊಸ ರಬ್ಬರು ಕೂರಿಸಿದ. ಗಾಜಿನ ಮುಂದಿನ ಅಂಚು ಛಾವಣಿಯ ತಗಡಿಗಿಂತ ಕೂದಲೆಳೆಯಷ್ಟು ಎದ್ದು ನಿಂತು ಗಾಳಿಗೆ ಅಡ್ಡ ಬರುತ್ತಿತ್ತು. ಸ್ಕ್ರೂ ಸಡಿಲಿಸಿ ಅದನ್ನು ಕೆಳಗಿಳಿಸಿದ. ಯಜಮಾನರೇ ಕೂತು ಒಂದು ಸುತ್ತು ಹೋಗಿ ಬಂದರು. ಸೊಳ್ಳೆಯ ಸದ್ದೂ ಇಲ್ಲ. ಪೆಟ್ಟಿಗೆಯ ಮಾತು ಮುಂದಕ್ಕೆ ಹೋಯಿತು.

ಅಲ್ಲಿಗೆ ಕೀ ಕೊಟ್ಟು ಕೈತೊಳೆದುಕೊಂಡಿದ್ದರೆ ನಾನು ಈ ಹೊತ್ತಿನಲ್ಲಿ ನಿಮ್ಮನ್ನು ಕೂರಿಸಿಕೊಂಡು ಮಾತಾಡಬೇಕಾಗಿರಲಿಲ್ಲ. ಅಣ್ಣ ಕೀ ಕೊಡಲಿಲ್ಲ.

ಯಾಕೆಂದರೆ ಅಂಚಿಗೆಲ್ಲ ಟೇಪು ಮೆತ್ತಿದ್ದಾಗಲೂ ಎಡಗಿವಿಯ ಸುಂಯ್ ನಿಂತಿರಲಿಲ್ಲ. ರಬ್ಬರು ಬದಲಿಸಿದ ಮೇಲೂ ನಿಂತಿರಲಿಲ್ಲ. ಆ ಕಿವಿಗೆ ಹಾರನ್ ಕೇಳುತ್ತಿರಲಿಲ್ಲ, ಯಜಮಾನರ ಬೈಗುಳ ಕೇಳುತ್ತಿರಲಿಲ್ಲ. ಅದೊಂದೇ ಕೇಳುತ್ತಿತ್ತು, ಅದೂ ಆ ಕಾರು ಓಡುವಾಗ ಮಾತ್ರ. ಬೇರೆ ಯಾರಾದರೂ ಹೆದರುತ್ತಿದ್ದರು. ಅಣ್ಣನಿಗೆ ಆಸೆ ಹುಟ್ಟಿತು. ಮಗುವಿಗೆ ಒಂದೇ ದಿನ ಎಲ್ಲ ಮಾತೂ ಬರುತ್ತದೆಯೇ? ಮೊದಲು ಒಂದು ಶಬ್ದ, ಆಮೇಲೆ ಇನ್ನೊಂದು. ನರ ಚಿಗುರುತ್ತಿದೆ. ಈ ಕಾರಿನಲ್ಲಿ ದಿನಾ ಕೂತು ಅಭ್ಯಾಸ ಮಾಡಿದರೆ ಉಳಿದ ಸದ್ದುಗಳೂ ಒಂದೊಂದಾಗಿ ಮನೆಗೆ ಬಂದಾವು... ಹೀಗಿತ್ತು ಅವನ ಲೆಕ್ಕಾಚಾರ. ಸರಿಯಾಗಿರುವ ಗಾಡಿಯನ್ನು ಸರಿಯಿಲ್ಲ ಅಂದ.

ಯಜಮಾನರು, “ನನಗೆ ಏನೂ ಕೇಳಿಸ್ತಿಲ್ಲವಲ್ಲೋ,” ಅಂದರು.

“ಅದಕ್ಕೇ ನಾನಿರೋದು,” ಅಂದ ಅಣ್ಣ.

ಈ ಉತ್ತರಕ್ಕೆ ಯಜಮಾನರು ಖುಷಿಪಟ್ಟರಂತೆ. ಪೆಟ್ಟಿಗೆ ಹೀಗೆ ಮಾತಾಡುತ್ತಿರಲಿಲ್ಲ.

ದಿನಾ ಸಂಜೆ ಅಣ್ಣ ಒಬ್ಬನೇ ಕಾರು ತೆಗೆದುಕೊಂಡು ಬಾವಿಯವರೆಗೆ ಹೋಗಿ ಬರತೊಡಗಿದ. ಒಂದು ಕೈ ಸ್ಟಿಯರಿಂಗ್ ಮೇಲೆ, ಒಂದು ಬೆರಳು ಬಲಗಿವಿಯಲ್ಲಿ. ಹೀಗೆ ಓಡಿಸುವವನಿಗೆ ದೆವ್ವದ ಅವಶ್ಯಕತೆಯೇ ಇಲ್ಲ, ಎದುರಿಗೊಂದು ಲಾರಿ ಬಂದರೆ ಸಾಕು. ಸದ್ದು ದಿನದಿನಕ್ಕೂ ಸ್ಪಷ್ಟವಾಗುತ್ತಾ ಬಂತು. ಮೊದಲು ಗಾಳಿಯ ಹಾಗಿತ್ತು. ಆಮೇಲೆ ಉಸಿರಿನ ಹಾಗಾಯಿತು. ಒಳಗೆ ಎಳೆದದ್ದು ಬೇರೆ, ಹೊರಗೆ ಬಿಟ್ಟದ್ದು ಬೇರೆ. ಅವನ ಎಡಗಡೆ, ಪಕ್ಕದ ಖಾಲಿ ಸೀಟಿನಲ್ಲಿ, ಭುಜದ ಎತ್ತರದಲ್ಲಿ. ಡಾಕ್ಟರಮ್ಮ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ನಾಳೆ ಕೀ ಕೊಡಲೇಬೇಕು ಅಂತ ಯಜಮಾನರು ಗಡುವು ಹಾಕಿದ ದಿನ, ಅಣ್ಣ ಕಾರನ್ನು ಮನೆಗೇ ತಂದು ನಿಲ್ಲಿಸಿ, ಊಟದ ಮುಂದೆ ಕೂತು ಅತ್ತಿಗೆಗೆ ಎಲ್ಲ ಹೇಳಿದ. ಎಡಗಿವಿ ಹೋಗಿದೆ ಅನ್ನುವಲ್ಲಿಂದ ಶುರು ಮಾಡಿದ.

“ಗೊತ್ತು,” ಅಂದರು ಅತ್ತಿಗೆ.

“ಗೊತ್ತಾ? ಯಾವಾಗಿಂದ?”

“ನೀವು ಜಗಳಕ್ಕೆ ಜವಾಬು ಕೊಡೋದು ಬಿಟ್ಟಾಗಿಂದ.”

ಆಮೇಲೆ ಕಿವಿ ತಿರುಗಿ ಬರುತ್ತಿರುವ ವಿಷಯ ಹೇಳಿದ. ಅತ್ತಿಗೆ ತಟ್ಟೆ ಎತ್ತಿಟ್ಟು, ಕೈ ಒರೆಸಿಕೊಂಡು, ನಡೀರಿ, ನಾನೂ ಕೇಳ್ತೀನಿ ಅಂದರು. ಕಿವಿ ಬರುತ್ತಿದ್ದರೆ ಸಂತೋಷ. ಕೆಟ್ಟಿರುವುದು ತಲೆಯಾದರೆ ಬೇಗ ತಿಳಿಯುವುದು ಒಳ್ಳೆಯದು. ಅವರ ಯೋಚನೆ ಅಷ್ಟೇ.

ಗಿರಾಕಿಯ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುವುದು ಕೆಲಸಕ್ಕೆ ಕುತ್ತು. ಆದರೂ ಹೋದರು. ಅತ್ತಿಗೆ ಮುಂದೆ, ಅವನ ಎಡಗಡೆಯ ಸೀಟಿನಲ್ಲಿ ಕೂತರು. ನೇರ ರಸ್ತೆಯಲ್ಲಿ ಸ್ಪೀಡು ಏರಿತು. ಅತ್ತಿಗೆಗೆ ಇಂಜಿನ್ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅಣ್ಣ ಬಲಗಿವಿಗೆ ಬೆರಳಿಟ್ಟ. ಸ್ವಲ್ಪ ಹೊತ್ತು ಹಾಗೇ ಇದ್ದ.

“ಹಿಂದೆ ಹೋಗಿದೆ,” ಅಂದ.

“ಏನು?”

“ದಿನಾ ನೀನು ಕೂತಿರೋ ಸೀಟಲ್ಲಿರುತ್ತೆ. ಈವತ್ತು ಹಿಂದೆ ಹೋಗಿ ಕೂತಿದೆ.”

ಹೆಂಗಸರಿಗೆ ಸೀಟು ಬಿಟ್ಟುಕೊಡುವಷ್ಟು ಸಂಸ್ಕಾರವಂತ ಸದ್ದು. ಈಗಿನ ಕಾಲದಲ್ಲಿ ಅಪರೂಪ. ಆದರೆ ಅಣ್ಣನ ಎದೆ ಒಡೆದದ್ದು ಬೇರೆ ಕಾರಣಕ್ಕೆ. ಒಂದು ಕಿವಿಯವನಿಗೆ ಸದ್ದಿನ ದಿಕ್ಕು ತಿಳಿಯುವುದಿಲ್ಲ. ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರು? ಹಾಗಿದ್ದೂ ಇಷ್ಟು ದಿನ, ಒಳ್ಳೆಯ ಕಿವಿಗೆ ಬೆರಳು ತುರುಕಿಕೊಂಡು, ಸದ್ದು ಪಕ್ಕದ ಸೀಟಿನಲ್ಲಿದೆ ಅಂತ ಅವನಿಗೆ ತಿಳಿಯುತ್ತಿತ್ತು. ಆಸೆಯ ಭರದಲ್ಲಿ ಆ ಬಗ್ಗೆ ಯೋಚಿಸಿರಲಿಲ್ಲ. ಈಗ ಅದು ಹಿಂದೆ ಇದೆ ಅಂತಲೂ ತಿಳಿಯುತ್ತಿದೆ. ಕಿವಿ ಚಿಗುರಿದರೆ ಹೀಗಾಗುವುದಿಲ್ಲ. ಇದು ಕಿವಿಯಿಂದ ಕೇಳುತ್ತಿರುವುದೇ ಅಲ್ಲ...

ಬಾವಿಯ ಹತ್ತಿರ ಕಾರು ನಿಲ್ಲಿಸಿದ. ಇಂಜಿನ್ ಆರಿಸಿದ.

ಕಾರು ನಿಂತರೆ ಗಾಳಿಯ ಸದ್ದು ನಿಲ್ಲಬೇಕು. ಅವನ ಕಸುಬಿನ ಮೊದಲ ಪಾಠ ಅದು. ಕಾದ ಇಂಜಿನ್ ತಣ್ಣಗಾಗುತ್ತಾ ಟಿಕ್... ಟಿಕ್... ಅನ್ನುತ್ತಿತ್ತು. ಇಬ್ಬರೂ ಅಲ್ಲಾಡದೆ ಕೂತರು. ಅಣ್ಣ ನಿಧಾನವಾಗಿ ಬಲಗಿವಿಗೆ ಬೆರಳಿಟ್ಟ.

ಸುಂಯ್...

ಅವನ ತಲೆಯ ಹಿಂದೆ. ಸೀಟಿನ ದಿಂಬಿನ ಹತ್ತಿರ.

ಸುಂಯ್...

ಆಮೇಲೆ ಉಸಿರು ನಿಂತಿತು. ತುಟಿ ಬಿಟ್ಟ ಸದ್ದು ಕೇಳಿತು. ಪ್ಚ್... ಬಹಳ ಹೊತ್ತು ಸುಮ್ಮನಿದ್ದವರು ಮಾತು ಶುರು ಮಾಡುವ ಮೊದಲು ಬರುತ್ತದಲ್ಲ, ಅದು.

ಅಣ್ಣ ಬಾಗಿಲು ತೆಗೆದು ಇಳಿದ. ಅವನ ಮುಖ ನೋಡಿ ಅತ್ತಿಗೆಯೂ ಇಳಿದರು. ಕೀ ತೆಗೆದುಕೊಳ್ಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ನಡೆದರು. ಅತ್ತಿಗೆ ಎಡಗೈ ಹಿಡಿದುಕೊಂಡದ್ದು, ಅವನು ಬಲಗಡೆಗೆ ಬರಹೇಳಿದ್ದು ಆಗಲೇ ಹೇಳಿದ್ದೇನೆ. ಮನೆ ಮುಟ್ಟಿದರು. ಅಣ್ಣ ಬಾಗಿಲು ತೆರೆದವನು ತಾನು ಒಳಗೆ ಹೋಗುವ ಮೊದಲು ಒಂದು ಕ್ಷಣ ಪಕ್ಕಕ್ಕೆ ಸರಿದು ನಿಂತನಂತೆ.

ಆ ಬಾವಿಯಲ್ಲಿ ಯಾರಾದರೂ ಬಿದ್ದು ಸತ್ತಿದ್ದರೇ ಅಂತ ನೀವು ಕೇಳುತ್ತೀರಿ. ವಿಚಾರಿಸಿದ್ದೇನೆ. ಯಾರೂ ಬಿದ್ದಿಲ್ಲ. ಅದರ ಬಾಯಿಗೆ ಹಿಂದಿನಿಂದಲೂ ಕಬ್ಬಿಣದ ಜಾಲರಿ ಇದೆ. ಕಾರಿನ ಹಳೇ ಯಜಮಾನ? ಗುಂಡುಕಲ್ಲಿನ ಹಾಗಿದ್ದಾನೆ, ಇದಕ್ಕಿಂತ ದೊಡ್ಡ ಕಾರು ತೆಗೆದುಕೊಂಡಿದ್ದಾನೆ. ನಿಮಗೆ ಅನುಕೂಲವಾಗುವಂಥ ಹೆಣ ಈ ಕತೆಯಲ್ಲಿ ಒಂದೂ ಇಲ್ಲ. ನಾನೇನು ಮಾಡಲಿ.

ಬೆಳಿಗ್ಗೆ ಅಣ್ಣ ಯಜಮಾನರ ಮುಂದೆ ನಿಂತು ಕಿವಿಯ ವಿಷಯ ಹೇಳಿಬಿಟ್ಟ. ಇನ್ನೊಂದು ವಿಷಯ ಹೇಳಲಿಲ್ಲ. ಯಜಮಾನರು ಒಬ್ಬನನ್ನು ಕಳಿಸಿ ಕಾರು ತರಿಸಿದರು. “ಮೊದಲೇ ಹೇಳೋಕೇನಾಗಿತ್ತು ನಿನಗೆ?” ಅಂದರು.

“ನೀವೇ ಕಿವಿ ಅಂತ ಹೆಸರಿಟ್ಟಿದ್ರಲ್ಲ,” ಅಂದ ಅಣ್ಣ.

ತೊಳೆಯುವ ಕಡೆಗೆ ಕಳಿಸಲಿಲ್ಲ ಅವರು. ಪೆಟ್ಟಿಗೆ ತರಿಸಿದರು. ಅದು ಸದ್ದು ಹುಡುಕುತ್ತದೆ, ಅಣ್ಣ ಅಲ್ಲಿಗೆ ರಬ್ಬರು ಕೂರಿಸುತ್ತಾನೆ. ಜನ ಅವನನ್ನು ಈಗಲೂ ಕಿವಿ ಅಂತಲೇ ಕರೆಯುತ್ತಾರೆ, ಪೆಟ್ಟಿಗೆಗೆ ಇನ್ನೂ ಹೆಸರು ಬಿದ್ದಿಲ್ಲ. ಡಾಕ್ಟರಮ್ಮನ ಕಾರಿಗೂ ಪೆಟ್ಟಿಗೆ ಕಟ್ಟಿ ಓಡಿಸಿ ನೋಡಿದರು. ಪರದೆಯಲ್ಲಿ ಎಲ್ಲೂ ಕೆಂಪಿಲ್ಲ. ಡಾಕ್ಟರಮ್ಮ ನಿಶ್ಶಬ್ದವಾಗಿ ಓಡಾಡಿಕೊಂಡಿದ್ದಾರೆ. ಅತ್ತಿಗೆ ಅಣ್ಣನನ್ನು ಅದೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಈ ಸಲ ಕದ್ದು ಅಲ್ಲ. ಅವರು ಎಲ್ಲ ಪರೀಕ್ಷೆ ಮಾಡಿ, ಎಡಗಿವಿ ಕಲ್ಲಿನ ಹಾಗಿದೆ, ನಾನು ಮೊದಲೇ ಹೇಳಿರಲಿಲ್ಲವೇ ಅಂದರು. ಅಲ್ಲಿಗೆ ಎಲ್ಲರೂ ನೆಮ್ಮದಿಯಾಗಿ ಮಲಗಬೇಕು.

ಮಲಗುವುದೇ ತೊಂದರೆಯಾಗಿರುವುದು.

ಅಣ್ಣ ಈಗ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗುತ್ತಾನೆ. ಹಾಗೆ ಮಲಗಿದರೆ ಅವನಿಗೆ ಏನೂ ಕೇಳುವುದಿಲ್ಲ. ಅತ್ತಿಗೆ ಎಡಗಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದ್ದಾರೆ, ಕರೆದು ನೋಡಿದ್ದಾರೆ. ಏಳುವುದಿಲ್ಲ. ಆದರೆ ದೀಪ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಅವನು “ಹೂಂ” ಅನ್ನುತ್ತಾನೆ. ಬಿಟ್ಟು, ಮತ್ತೆ “ಹೂಂ...” ಯಾರಾದರೂ ಉದ್ದದ ಕತೆ ಹೇಳುವಾಗ, ನಿದ್ದೆ ಹೋಗಿಲ್ಲ, ಕೇಳುತ್ತಿದ್ದೇನೆ ಅಂತ ತಿಳಿಸಲು ನಾವು ಹೂಂಗುಡುತ್ತೇವಲ್ಲ, ಹಾಗೆ.

ಅತ್ತಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, ಕನವರಿಕೆ ಇರಬೇಕು, ರಾತ್ರಿ ಊಟ ಕಡಿಮೆ ಮಾಡಿಸಿ ಅಂದೆ. ನನ್ನ ಹತ್ತಿರ ಇಂಥ ಸಲಹೆಗಳು ಯಾವಾಗಲೂ ಸಿದ್ಧವಿರುತ್ತವೆ. ಆಮೇಲೆ ಮನಸ್ಸು ತಡೆಯದೆ ಅವರ ಮನೆಗೆ ಹೋಗಿ ಉಳಿದುಕೊಂಡೆ. ನಡುಮನೆಯಲ್ಲಿ ಹಾಸಿಗೆ ಹಾಕಿದ್ದರು. ಅವರ ಕೋಣೆಯ ಬಾಗಿಲು ತೆರೆದೇ ಇತ್ತು. ನನ್ನ ಎರಡೂ ಕಿವಿ ನೆಟ್ಟಗಿವೆ. ಹೂಂ ಅನ್ನುವುದು ಕೇಳಿತು. ಒಂದು ಹೂಂಗೂ ಇನ್ನೊಂದಕ್ಕೂ ನಡುವೆ ಏನೂ ಕೇಳಲಿಲ್ಲ. ಒಂದು ವಾಕ್ಯ ಹಿಡಿಸುವಷ್ಟು ಬಿಡುವು ಇರುತ್ತಿತ್ತು, ಅಷ್ಟೇ.

ಇದು ನಡೆದದ್ದು. ಈಗಲೂ ನಡೆಯುತ್ತಿರುವುದು. ನಂಬದಿದ್ದರೆ ಅತ್ತಿಗೆಯ ನಂಬರ್ ಕೊಡುತ್ತೇನೆ, ಕೇಳಿ ನೋಡಿ, ಹಗಲು ಹೊತ್ತು ಮಾಡಿ. ನಿನ್ನೆಯೂ ಮಾತಾಡಿದರು. ಅಣ್ಣ ಚೆನ್ನಾಗಿದ್ದಾನಂತೆ, ಕೆಲಸಕ್ಕೆ ಹೋಗಿ ಬರುತ್ತಿದ್ದಾನಂತೆ. ಹೂಂ ಅನ್ನುವುದನ್ನೂ ಈಚೆಗೆ ಬಿಟ್ಟಿದ್ದಾನಂತೆ.

ಈಗ “ಆಮೇಲೆ?” ಅಂತ ಕೇಳುತ್ತಾನಂತೆ.